ಗೆರೆ ಎಳೆದು ನೋಡಿ: ಮಕ್ಕಳ ವರ್ತನೆಯನ್ನು ಎಣಿಸಿ, ಅರಿತು, ತರಗತಿಯನ್ನು ಬದಲಿಸುವ ಸಮಗ್ರ ಮಾರ್ಗದರ್ಶಿ

ಉಡುಪಿಯ ಮಲ್ಪೆ ಬಂದರಿಗೆ ಹತ್ತಿರದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರನೇ ತರಗತಿಯ ಟೀಚರ್. ಒಟ್ಟು 34 ಮಕ್ಕಳು. ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಬಂದರಿನ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಮನೆಗಳವರು, ಎಲ್ಲರೂ ಅಕ್ಕಪಕ್ಕದ ಬೆಂಚುಗಳಲ್ಲಿ ಕುಳಿತುಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಇಂಥದೇ ತರಗತಿಯ ಒಬ್ಬ ಹುಡುಗನನ್ನು ನಾನು ವಾರಕ್ಕೆ ಐದಾರು ಸಲವಾದರೂ ಜಗಲಿಗೆ ಕಳಿಸುತ್ತಿದ್ದೆ. ಅವನ ವಿಷಯದಲ್ಲಿ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರದೂ ಒಂದೇ ಮಾತು: "ಅವನು ಹಾಗೆಯೇ." ಹಾಗೆಯೇ ಎಂದರೆ ಹೇಗೆ, ಯಾವಾಗ, ಎಷ್ಟು ಸಲ ಎಂದು ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಅವನನ್ನು ಇಲ್ಲಿ 'ಕ' ಎಂದು ಕರೆಯುತ್ತೇನೆ. ನನ್ನ ಪುಸ್ತಕದಲ್ಲಿಯೂ ಅವನ ಹೆಸರು ಅಷ್ಟೇ. ಅವನ ಜೊತೆ ನಾನು ಹಂತ ಹಂತವಾಗಿ ಕಲಿತ ಕೆಲಸವನ್ನೇ ಕೆಳಗೆ ಬರೆದಿದ್ದೇನೆ. ಇದಕ್ಕೆ ಕಂಪ್ಯೂಟರ್ ಬೇಡ, ಅನುದಾನ ಬೇಡ. ಒಂದು ಇನ್ನೂರು ಪುಟದ ಪುಸ್ತಕ, ಒಂದು ಚೌಕಳಿ ಪುಸ್ತಕ, ಕೈಗಡಿಯಾರ ಇದ್ದರೆ ಸಾಕು. ಜೊತೆಗೆ ಒಬ್ಬ ಸಹೋದ್ಯೋಗಿ ಸಿಕ್ಕರೆ ಅರ್ಧ ಭಾರ ಇಳಿದಂತೆ.

ಮೊದಲ ಹಂತ: ಹಣೆಪಟ್ಟಿ ಕಿತ್ತು, ಕಣ್ಣಿಗೆ ಕಂಡದ್ದನ್ನು ಬರೆಯುವುದು

'ಗಲಾಟೆ', 'ಉಡಾಫೆ', 'ಸೋಮಾರಿ', 'ಒರಟ' ಎಂಬ ಪದಗಳನ್ನು ಎಣಿಸಲು ಬರುವುದಿಲ್ಲ. ಅವು ನಮ್ಮ ಸಿಟ್ಟನ್ನು ಹೇಳುತ್ತವೆ, ಮಗು ಮಾಡಿದ್ದನ್ನು ಹೇಳುವುದಿಲ್ಲ. ಉತ್ತರ ಕರ್ನಾಟಕದಿಂದ ಬಂದ ಮಗುವಿನ ಗಟ್ಟಿ ದನಿಯನ್ನು 'ಒರಟು ಮಾತು' ಎಂದು ಬರೆದ ಟಿಪ್ಪಣಿಗಳನ್ನು ನಾನು ನೋಡಿದ್ದೇನೆ. ಅದು ಆ ಊರಿನ ಮಾತಿನ ದನಿ, ಅಷ್ಟೇ. ಹಾಗೆಯೇ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರ ಹೇಳಬೇಕಾದ ಮಗು ತಡಮಾಡಿದರೆ 'ಗಮನವಿಲ್ಲ' ಎನ್ನುವವರೂ ಇದ್ದಾರೆ. ಒಮ್ಮೆ ಪುಸ್ತಕಕ್ಕೆ ಏರಿದ ಹಣೆಪಟ್ಟಿ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಆದ್ದರಿಂದ ಈ ಹಂತದಲ್ಲಿ ಅವಸರ ಮಾಡಬೇಡಿ.

ಒಂದೇ ಒಂದು ವರ್ತನೆಯನ್ನು ಆರಿಸಿ, ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. 'ಕ'ನ ವಿಷಯದಲ್ಲಿ ನಾನು ಕೊನೆಗೆ ಬರೆದದ್ದು ಇದು: "ಪಾಠ ನಡೆಯುವಾಗ ಅನುಮತಿ ಕೇಳದೆ ಜಾಗ ಬಿಟ್ಟು ಏಳುವುದು. ಎರಡೂ ಪಾದ ಬೆಂಚಿನ ಸಾಲಿನಿಂದ ಹೊರಗೆ ಬಂದರೆ ಒಂದು. ಬಿದ್ದ ಪೆನ್ಸಿಲು ಎತ್ತಲು ಬಗ್ಗಿದರೆ ಲೆಕ್ಕಕ್ಕಿಲ್ಲ." ಯಾವುದು ಲೆಕ್ಕಕ್ಕಿಲ್ಲ ಎಂಬುದನ್ನೂ ಬರೆಯಲೇಬೇಕು. ಇಲ್ಲದಿದ್ದರೆ ನಾವು ಬೇಸರದಲ್ಲಿರುವ ದಿನ ಗೆರೆಗಳು ಹೆಚ್ಚುತ್ತವೆ.

ನಿಮ್ಮ ವಾಕ್ಯ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಸಹೋದ್ಯೋಗಿಯೊಬ್ಬರನ್ನು ಇಪ್ಪತ್ತು ನಿಮಿಷ ಹಿಂದಿನ ಬೆಂಚಿನಲ್ಲಿ ಕೂರಿಸಿ, ಇಬ್ಬರೂ ಪ್ರತ್ಯೇಕವಾಗಿ ಎಣಿಸಿ. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸಿ. ನಿಮಗೆ 8, ಅವರಿಗೆ 10 ಸಿಕ್ಕಿದರೆ ಹೊಂದಾಣಿಕೆ ಶೇ. 80. ವರ್ತನೆಯನ್ನು ಅಳೆಯುವ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪುವ ಕೆಳಮಿತಿಯೂ ಅದೇ. ಅದಕ್ಕಿಂತ ಕಡಿಮೆ ಬಂದರೆ ವಾಕ್ಯವನ್ನು ತಿದ್ದಿ. ನನ್ನ ಮೊದಲ ವಾಕ್ಯ "ಆಗಾಗ ಏಳುವುದು" ಎಂದಿತ್ತು. ನಾನು 14 ಎಣಿಸಿದಾಗ ಹಿಂದಿ ಟೀಚರ್ 7 ಎಣಿಸಿದ್ದರು.

ಎರಡನೇ ಹಂತ: ಹೇಗೆ ಅಳೆಯಬೇಕು

ಆರಂಭ, ಅಂತ್ಯ ಸ್ಪಷ್ಟವಾಗಿರುವ ವರ್ತನೆಗೆ ಎಷ್ಟು ಸಲ ಎಂಬ ಎಣಿಕೆ ಸಾಕು. ಅಳುವುದು, ಮೇಜಿನ ಮೇಲೆ ತಲೆಯಿಟ್ಟು ಮಲಗುವುದು ಇಂಥವಕ್ಕೆ ಎಷ್ಟು ಹೊತ್ತು ಎಂಬುದು ಮುಖ್ಯ. ಹೇಳಿದ ಕೆಲಸ ಶುರುಮಾಡದ ಮಗುವಿಗೆ, ಹೇಳಿದ ಕ್ಷಣದಿಂದ ಪೆನ್ನು ಪುಸ್ತಕಕ್ಕೆ ತಾಗುವವರೆಗಿನ ಸಮಯವನ್ನು ನೋಡಿ. ಪಾಠ ಮಾಡುತ್ತಲೇ ಇವೆಲ್ಲ ಆಗದು ಎನಿಸಿದರೆ ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ: ಆ ಕ್ಷಣ ಮಗು ಕೆಲಸದಲ್ಲಿದ್ದರೆ ಕೂಡಿಸುವ ಗುರುತು, ಇಲ್ಲದಿದ್ದರೆ ಕಳೆಯುವ ಗುರುತು. 40 ನಿಮಿಷದ ಅವಧಿಯಲ್ಲಿ ಎಂಟು ನೋಟ ಸಿಗುತ್ತವೆ. ಇದು ಅಂದಾಜು ಮಾತ್ರ, ಆದರೆ ಒಬ್ಬರೇ ಟೀಚರ್ ಇರುವ ತರಗತಿಯಲ್ಲಿ ನಿಜವಾಗಿ ನಡೆಯುವ ಕ್ರಮ.

ಎಣಿಸಲು ನಾನು ಬಳಸಿದ್ದು ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಚೆನ್ನೆಮಣೆ (ಗುಳಿಗಳಿಗೆ ಬೀಜ ಹಾಕುವ ಮಣೆಯಾಟ) ಆಡಲು ಮನೆಯಲ್ಲಿ ತೆಗೆದಿಟ್ಟಿದ್ದ ಬೀಜಗಳನ್ನು. ಮೇಜಿನ ಎಡಗಡೆಯ ಡಬ್ಬಿಯಿಂದ ಬಲಗಡೆಯ ಡಬ್ಬಿಗೆ ಒಂದೊಂದೇ ಹಾಕುತ್ತಾ ಹೋಗುವುದು, ಬೆಲ್ ಆದ ಮೇಲೆ ಎಣಿಸಿ ಪುಸ್ತಕಕ್ಕೆ ಏರಿಸುವುದು. ಪಾಠ ಅರ್ಧಕ್ಕೆ ನಿಲ್ಲುವುದಿಲ್ಲ, ಮಗುವಿನ ಎದುರು ಪುಸ್ತಕ ತೆರೆದು ಬರೆಯುವ ಅಗತ್ಯವೂ ಬರುವುದಿಲ್ಲ. ಮಗುವಿಗೆ ಕಾಣುವಂತೆ ಗೆರೆ ಎಳೆದರೆ ಆ ಗೆರೆಯೇ ಬೆದರಿಕೆಯಾಗುತ್ತದೆ.

ಅವಧಿಗಳು ಒಂದೇ ಉದ್ದ ಇರುವುದಿಲ್ಲ, ಶನಿವಾರ ಅರ್ಧ ದಿನ. ಹಾಗಾಗಿ ಸಂಖ್ಯೆಯ ಪಕ್ಕದಲ್ಲಿ ನಿಮಿಷವನ್ನೂ ಬರೆಯಿರಿ. 40 ನಿಮಿಷದಲ್ಲಿ 12 ಸಲ, 30 ನಿಮಿಷದಲ್ಲಿ 9 ಸಲ ಎಂದರೆ ಎರಡೂ ಒಂದೇ ವೇಗ.

ಮೂರನೇ ಹಂತ: ಹತ್ತು ದಿನ ಏನನ್ನೂ ಬದಲಿಸದೆ ಎಣಿಸುವುದು

ಇದು ಟೀಚರ್‌ಗೆ ಅತಿ ಕಷ್ಟದ ಹಂತ. ಏನಾದರೂ ಮಾಡಬೇಕು ಎಂದು ಕೈ ತುರಿಸುತ್ತದೆ. ಆದರೆ ಈಗ ಎಷ್ಟಿದೆ ಎಂಬುದು ಗೊತ್ತಿಲ್ಲದೆ ಹೋದರೆ, ನಾಳೆ ಕಡಿಮೆಯಾಯಿತೋ ಇಲ್ಲವೋ ಹೇಳುವುದು ಹೇಗೆ? ಕನಿಷ್ಠ ಐದು, ಸಾಧ್ಯವಾದರೆ ಹತ್ತು ಶಾಲಾ ದಿನ ಎಣಿಸಿ. ಹೊಡೆಯುವ, ಕಚ್ಚುವ, ತನಗೇ ನೋವು ಮಾಡಿಕೊಳ್ಳುವ ವರ್ತನೆ ಇದ್ದರೆ ಈ ಕಾಯುವಿಕೆ ಬೇಡ. ಅಲ್ಲಿ ಮೊದಲು ರಕ್ಷಣೆ, ಆಮೇಲೆ ಲೆಕ್ಕ.

ನಮ್ಮ ಕರಾವಳಿಯಲ್ಲಿ ಹತ್ತು ಶಾಲಾ ದಿನ ಎಂಬುದು ಸುಲಭದ ಮಾತಲ್ಲ. ಜುಲೈನಲ್ಲಿ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ರಜೆಯ ಮರುದಿನ ಮಕ್ಕಳು ಬೇರೆಯೇ ಹುಮ್ಮಸ್ಸಿನಲ್ಲಿರುತ್ತಾರೆ. ಅಂಥ ದಿನದ ಲೆಕ್ಕವನ್ನು ಬಿಡಬೇಡಿ, ಪಕ್ಕದಲ್ಲಿ 'ಮಳೆ ರಜೆಯ ಮರುದಿನ' ಎಂದು ಬರೆಯಿರಿ. ಅದಕ್ಕಿಂತ ಮುಖ್ಯವಾದುದು ಮೀನುಗಾರಿಕೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ತಂದೆ ಮನೆಯಲ್ಲಿರುತ್ತಾರೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದರೆ ಅದೇ ತಂದೆ ಹಲವು ದಿನ ಮನೆಗೆ ಬರುವುದಿಲ್ಲ. ಜುಲೈನಲ್ಲಿ ಎಣಿಸಿ ಆಗಸ್ಟ್‌ನಲ್ಲಿ ಹೊಸ ಕ್ರಮ ಶುರುಮಾಡಿದರೆ, ಬದಲಾದದ್ದು ನಿಮ್ಮ ಕ್ರಮದಿಂದಲೋ, ಮನೆಯ ಬದುಕಿನಿಂದಲೋ ಹೇಳಲಾಗದು. ನಾನು ಚೌಕಳಿ ಪುಸ್ತಕದ ಕೆಳಗೆ 'ಬೋಟು ಹೊರಟಿತು' ಎಂದು ಬಾಣದ ಗುರುತು ಹಾಕಿಡುತ್ತೇನೆ.

'ಕ'ನ ಹತ್ತು ದಿನಗಳ ಒಟ್ಟು ಲೆಕ್ಕ 68. ದಿನಕ್ಕೆ ಸರಾಸರಿ 6.8. ನನ್ನ ಮನಸ್ಸಿನಲ್ಲಿದ್ದ ಲೆಕ್ಕ ದಿನಕ್ಕೆ ಇಪ್ಪತ್ತಾದರೂ ಇತ್ತು.

ನಾಲ್ಕನೇ ಹಂತ: ಮೂರು ಕಾಲಮಿನ ಚೀಟಿ

ಎಷ್ಟು ಎಂಬುದು ಗೊತ್ತಾಯಿತು. ಏಕೆ ಎಂಬುದಕ್ಕೆ ಬೇರೆ ಸಾಧನ ಬೇಕು. ಪುಟವನ್ನು ಮೂರು ಭಾಗ ಮಾಡಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ವರ್ತನಾ ವಿಶ್ಲೇಷಣೆಯಲ್ಲಿ 1960ರ ದಶಕದಿಂದ ಬಳಕೆಯಲ್ಲಿರುವ ಕ್ರಮ ಇದು. ಪ್ರತಿ ಸಲವೂ ಬರೆಯಬೇಕಾಗಿಲ್ಲ. ದಿನಕ್ಕೆ ಎರಡು ಚೀಟಿ ಬರೆದರೂ ಎರಡು ವಾರಕ್ಕೆ ಇಪ್ಪತ್ತು ಸಿಗುತ್ತವೆ. ಘಟನೆ ನಡೆದ ಅವಧಿಯ ಕೊನೆಯಲ್ಲೇ ಬರೆಯಿರಿ. ಸಂಜೆಗೆ ಇಟ್ಟರೆ ನೆನಪು ಕತೆ ಕಟ್ಟುತ್ತದೆ.

ನನ್ನ ಪುಸ್ತಕದ ಒಂದು ಚೀಟಿ ಹೀಗಿದೆ:

"ಸೋಮವಾರ, ಎರಡನೇ ಅವಧಿ, ಕನ್ನಡ. ಮೊದಲು: ಸಾಲಾಗಿ ಗಟ್ಟಿಯಾಗಿ ಓದಿಸುತ್ತಿದ್ದೆ, ಮುಂದಿನ ಬೆಂಚು ಮುಗಿಯಿತು. ಆಗ: 'ಕ' ಎದ್ದು ಕಿಟಕಿಯ ಬಳಿ ಹೋದ, ಪಕ್ಕದವನ ಕಂಪಾಸ್ ಪೆಟ್ಟಿಗೆ ಬೀಳಿಸಿದ. ಆಮೇಲೆ: ಜಗಲಿಯಲ್ಲಿ ನಿಲ್ಲಲು ಹೇಳಿದೆ. ಓದು ಅವನ ಬೆಂಚನ್ನು ದಾಟಿ ಮುಂದೆ ಹೋಯಿತು."

ಕೊನೆಯ ವಾಕ್ಯವನ್ನು ಬರೆಯುವಾಗ ನನಗೆ ಏನೂ ಅನಿಸಿರಲಿಲ್ಲ. ಎರಡು ವಾರ ಕಳೆದು, ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಪ್ಪತ್ತು ಚೀಟಿಗಳನ್ನೂ ಮೇಜಿನ ಮೇಲೆ ಹರಡಿದೆ. 15 ಚೀಟಿಗಳ ಮೊದಲ ಕಾಲಮಿನಲ್ಲಿ 'ಸಾಲಾಗಿ ಓದಿಸುತ್ತಿದ್ದೆ' ಎಂದಿತ್ತು. ಆ 15ರಲ್ಲಿ 13ರ ಕೊನೆಯ ಕಾಲಮಿನಲ್ಲಿ ಒಂದೋ 'ಜಗಲಿಗೆ ಕಳಿಸಿದೆ', ಇಲ್ಲವೇ 'ಚಾಕ್ ತರಲು ಕಳಿಸಿದೆ' ಎಂದಿತ್ತು. ಅಂದರೆ ಹದಿಮೂರು ಸಲ ಅವನಿಗೆ ಓದಬೇಕಾಗಿ ಬಂದಿರಲಿಲ್ಲ. ನಾನು ಶಿಕ್ಷೆ ಎಂದು ಕೊಟ್ಟದ್ದು ಅವನಿಗೆ ಬಿಡುಗಡೆಯಾಗಿತ್ತು. ಏಳುವುದನ್ನು ಅವನಿಗೆ ಕಲಿಸಿದವಳು ನಾನೇ. ಅವನು ನನ್ನನ್ನು ಸತಾಯಿಸಲು ಏಳುತ್ತಿದ್ದಾನೆ ಎಂದು ನಂಬಿ ಎಷ್ಟೋ ಸಲ ಗಡಸಾಗಿ ಮಾತನಾಡಿದ್ದೆ. ಆ ಶನಿವಾರ ಮನೆಗೆ ಹೋಗುವ ಬಸ್ಸಿನಲ್ಲಿ ಅದೊಂದೇ ಯೋಚನೆ.

ಚೀಟಿಗಳನ್ನು ಓದುವಾಗ ನಾಲ್ಕು ಕಾರಣಗಳನ್ನು ಮನಸ್ಸಿನಲ್ಲಿಡಿ. ಮಗುವಿಗೆ ಯಾರದೋ ಗಮನ ಬೇಕಾಗಿರಬಹುದು. ಕಷ್ಟದ ಅಥವಾ ನಾಚಿಕೆಯ ಕೆಲಸದಿಂದ ತಪ್ಪಿಸಿಕೊಳ್ಳಬೇಕಾಗಿರಬಹುದು. ಒಂದು ವಸ್ತುವೋ ಆಟವೋ ಬೇಕಾಗಿರಬಹುದು. ಅಥವಾ ಆ ಚಲನೆಯೇ ದೇಹಕ್ಕೆ ಹಿತವಾಗಿರಬಹುದು. ಒಂದೇ ಬಗೆಯ ವರ್ತನೆಗೆ ಇಬ್ಬರು ಮಕ್ಕಳಲ್ಲಿ ಎರಡು ಕಾರಣಗಳು ಇರುವುದು ತೀರಾ ಸಾಮಾನ್ಯ. ಪಕ್ಕದ ತರಗತಿಯಲ್ಲಿ ಫಲಿಸಿದ ಉಪಾಯ ನಿಮ್ಮಲ್ಲಿ ಫಲಿಸದಿರುವುದು ಇದರಿಂದಲೇ.

ಐದನೇ ಹಂತ: ಚೌಕಳಿಯಲ್ಲಿ ತುಂಬಿ ನೋಡುವುದು

ಚೌಕಳಿ ಪುಸ್ತಕದಲ್ಲಿ ಅಡ್ಡಕ್ಕೆ ದಿನಗಳು, ಉದ್ದಕ್ಕೆ ಅವಧಿಗಳು. ವರ್ತನೆ ನಡೆಯದ ಚೌಕ ಖಾಲಿ. ಒಂದೆರಡು ಸಲ ನಡೆದರೆ ಒಂದು ಓರೆ ಗೆರೆ. ಹೆಚ್ಚಾದರೆ ಚೌಕವನ್ನೇ ಕಪ್ಪು ಮಾಡಿ. ಸ್ವಲ್ಪ ದೂರ ಹಿಡಿದು ನೋಡಿದರೆ ಕಪ್ಪು ಎಲ್ಲಿ ದಟ್ಟವಾಗಿದೆ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 'ಕ'ನ 68ರಲ್ಲಿ ಕನ್ನಡದ ಅವಧಿಯಲ್ಲಿ 29, ಇಂಗ್ಲಿಷಿನಲ್ಲಿ 24. ಗಣಿತ, ವಿಜ್ಞಾನ, ಸಮಾಜ ಮೂರೂ ಸೇರಿ 15. ಚೀಟಿಗಳು ಹೇಳಿದ್ದನ್ನೇ ಚೌಕಗಳೂ ಹೇಳಿದವು.

ಗಲಾಟೆ ಮಾಡದ ಮಕ್ಕಳ ಚೌಕಗಳನ್ನೂ ತುಂಬಿ ಎಂದು ಬೇಡಿಕೊಳ್ಳುತ್ತೇನೆ. ಅವರು ಯಾರಿಗೂ ತೊಂದರೆ ಕೊಡುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಬೆಳಿಗ್ಗೆ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ನವೆಂಬರ್ ತಿಂಗಳು, ನೇಮ (ದೈವಗಳ ಉತ್ಸವ), ಯಕ್ಷಗಾನ ಶುರುವಾಗುವ ಕಾಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ತೂಕಡಿಸುವ ಮಕ್ಕಳು ನಮ್ಮಲ್ಲಿ ಹೊಸಬರಲ್ಲ, ಹಾಗಾಗಿ ನಾನು ಅದನ್ನೇ ನಂಬಿದ್ದೆ. ಚೌಕಳಿ ಬೇರೆ ಹೇಳಿತು. ಆಟ ನೋಡಿ ಬಂದವರ ಚೌಕಗಳು ಅಲ್ಲೊಂದು ಇಲ್ಲೊಂದು ಕಪ್ಪಾಗಿದ್ದವು. ಅವಳ ಚೌಕಗಳು ಸೋಮವಾರದಿಂದ ಶನಿವಾರದವರೆಗೆ ಮೊದಲ ಎರಡು ಅವಧಿಗಳಲ್ಲಿ ಬಿಡದೆ ಕಪ್ಪಾಗಿದ್ದವು, ಮೂರನೆಯದರಿಂದ ಖಾಲಿ. ಮೆಲ್ಲಗೆ ಕೇಳಿದಾಗ ಗೊತ್ತಾಯಿತು: ತಾಯಿ ನಸುಕಿಗೆ ಮುಂಚೆ ಮೀನು ಕೊಳ್ಳಲು ಬಂದರಿಗೆ ಹೋಗುತ್ತಾರೆ, ಆಗಿನಿಂದ ಎದ್ದು ಪುಟ್ಟ ತಮ್ಮನನ್ನು ನೋಡಿಕೊಳ್ಳುವವಳು ಇವಳು. ಇದಕ್ಕೆ ವರ್ತನೆ ತಿದ್ದುವ ಯೋಜನೆ ಏಕೆ? ಅವಳ ಓದು, ಪರೀಕ್ಷೆಗಳನ್ನು ಮೂರನೇ ಅವಧಿಗೆ ಹಾಕಿದೆವು. ನಸುಕಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಅಜ್ಜಿ ಒಪ್ಪಿದರು.

ಹಾಜರಿ ಪುಸ್ತಕವೂ ಇಂಥದೇ ಗಣಿ. ಒಂದೇ ದಿಕ್ಕಿನಿಂದ ಬರುವ ನಾಲ್ವರು ಮಕ್ಕಳು ಒಂದೇ ದಿನ ತಡವಾಗಿ ಬಂದರೆ ಅದು ಬಸ್ಸಿನ ಸಮಯದ ಪ್ರಶ್ನೆ, ಶಿಸ್ತಿನದಲ್ಲ.

ಆರನೇ ಹಂತ: ಒಬ್ಬನದೋ, ತರಗತಿಯದೋ

ಯೋಜನೆ ಬರೆಯುವ ಮುಂಚೆ ಇದನ್ನು ಕೇಳಿಕೊಳ್ಳಿ: ಅದೇ ಅವಧಿಯಲ್ಲಿ ಇನ್ನೆಷ್ಟು ಮಕ್ಕಳು ಹಾಗೆಯೇ ಮಾಡುತ್ತಿದ್ದಾರೆ? ಹತ್ತು ಮಕ್ಕಳು ಎದ್ದು ಓಡಾಡುತ್ತಿದ್ದರೆ ಬದಲಾಗಬೇಕಾದದ್ದು ಪಾಠ, ಸೂಚನೆ ಅಥವಾ ಕುಳಿತುಕೊಳ್ಳುವ ವ್ಯವಸ್ಥೆ. ಶಾಲೆಗಳಲ್ಲಿ ಬಳಸುವ ಮೂರು ಸ್ತರಗಳ ಮಾದರಿಯ ಅಂದಾಜಿನಂತೆ ಸುಮಾರು ಶೇ. 80ರಷ್ಟು ಮಕ್ಕಳಿಗೆ ಒಳ್ಳೆಯ ಸಾಮಾನ್ಯ ವ್ಯವಸ್ಥೆಯೇ ಸಾಕಾಗುತ್ತದೆ, ಶೇ. 15ರಷ್ಟು ಮಕ್ಕಳಿಗೆ ಸಣ್ಣ ಗುಂಪಿನ ನೆರವು ಬೇಕು, ಶೇ. 5ರಷ್ಟು ಮಕ್ಕಳಿಗೆ ಮಾತ್ರ ಪ್ರತ್ಯೇಕ ಯೋಜನೆ ಬೇಕು. 34 ಮಕ್ಕಳಲ್ಲಿ ಅದು ಒಬ್ಬರು ಅಥವಾ ಇಬ್ಬರು. ನಿಮ್ಮ ಪುಸ್ತಕದಲ್ಲಿ ಎಂಟು ಪ್ರತ್ಯೇಕ ಯೋಜನೆಗಳಿದ್ದರೆ ತರಗತಿಯ ಅಡಿಪಾಯವನ್ನೇ ನೋಡಬೇಕು.

ಇಡೀ ತರಗತಿಗೆ ಹೊಂದುವ ಒಂದು ಕ್ರಮ ನನಗೆ ಇಷ್ಟ. 1969ರಲ್ಲಿ ಅಮೆರಿಕದ ನಾಲ್ಕನೇ ತರಗತಿಯೊಂದರಲ್ಲಿ ಪರೀಕ್ಷಿಸಿದ 'ಒಳ್ಳೆಯ ನಡತೆಯ ಆಟ' ಅದು. ಮಕ್ಕಳನ್ನು ತಂಡಗಳಾಗಿ ಮಾಡಿ, ನಿಯಮ ಮುರಿದಾಗ ತಂಡದ ಹೆಸರಿನ ಮುಂದೆ ಒಂದು ಗುರುತು. ಗುರುತುಗಳು ಇಂತಿಷ್ಟರೊಳಗೆ ಉಳಿದರೆ ಆ ತಂಡಕ್ಕೆ ಗೆಲುವು. ಎಲ್ಲ ತಂಡಗಳೂ ಒಟ್ಟಿಗೆ ಗೆಲ್ಲಬಹುದು. ನಾನು ಅದನ್ನು ತಿರುಗಿಸಿ, ನಿಯಮ ಪಾಲಿಸಿದ್ದಕ್ಕೆ ಗುರುತು ಹಾಕುತ್ತೇನೆ. ಒಬ್ಬನಿಂದ ತಂಡ ಸೋತಿತು ಎಂದು ಆಟದ ಬಯಲಿನಲ್ಲಿ ಆ ಮಗುವನ್ನು ಹಿಡಿದು ಬಯ್ಯುವುದು ನನಗೆ ಬೇಡ.

ಒಂದು ವಾರ ನಿಮ್ಮನ್ನೇ ಎಣಿಸಿಕೊಳ್ಳಿ. ಮೆಚ್ಚಿ ಹೇಳಿದ ಮಾತಿಗೆ ಒಂದು ಡಬ್ಬಿ, ಗದರಿದ ಮಾತಿಗೆ ಇನ್ನೊಂದು. ನನ್ನ ಮೊದಲ ದಿನದ ಲೆಕ್ಕ: ಮೆಚ್ಚಿದ್ದು 6, ಗದರಿದ್ದು 31.

ಏಳನೇ ಹಂತ: ಕಾರಣಕ್ಕೆ ತಕ್ಕ ಯೋಜನೆ

ಒಂದು ಪುಟ ಮೀರಬಾರದು. ಅದರಲ್ಲಿ ಮೂರು ವಿಷಯಗಳಿರಲಿ: ವರ್ತನೆಗೆ ಮುಂಚೆ ನಾವು ಏನು ಬದಲಿಸುತ್ತೇವೆ, ಅದೇ ಅಗತ್ಯವನ್ನು ಒಪ್ಪುವ ರೀತಿಯಲ್ಲಿ ಪೂರೈಸಿಕೊಳ್ಳಲು ಮಗುವಿಗೆ ಏನು ಕಲಿಸುತ್ತೇವೆ, ವರ್ತನೆ ನಡೆದ ಮೇಲೆ ನಾವು ಹೇಗೆ ನಡೆದುಕೊಳ್ಳುತ್ತೇವೆ.

'ಕ'ನ ಪುಟದಲ್ಲಿ ಇದ್ದದ್ದು ಹೀಗೆ. ಓದಿಸುವ ಭಾಗವನ್ನು ಹಿಂದಿನ ದಿನವೇ ಅವನಿಗೆ ತೋರಿಸುವುದು, ನಾಲ್ಕು ಸಾಲಿಗಿಂತ ಹೆಚ್ಚು ಬೇಡ. ಸಾಲಾಗಿ ಓದಿಸುವ ಪದ್ಧತಿಯನ್ನೇ ಬಿಟ್ಟು ಜೋಡಿ ಓದು ಶುರುಮಾಡುವುದು. ತನ್ನ ಸರದಿ ಬರುತ್ತದೆ ಎಂದು ಬೆಂಚು ಎಣಿಸುತ್ತಾ ಹೆದರಿ ಕೂರುವ ಇನ್ನೂ ಐದಾರು ಮಕ್ಕಳಿಗೆ ಇದರಿಂದ ಒಳಿತಾಯಿತು. ಹಳೆಯ ಮದುವೆ ಕಾಗದದ ಹಿಂಬದಿ ಕತ್ತರಿಸಿ ಮಾಡಿದ 'ವಿರಾಮ ಚೀಟಿ' ದಿನಕ್ಕೆ ಎರಡು: ತೀರಾ ಆಗದು ಎನಿಸಿದಾಗ ಅದನ್ನು ನನ್ನ ಮೇಜಿನ ಮೇಲಿಟ್ಟು, ನೀರು ಕುಡಿದು, ಎರಡು ನಿಮಿಷದಲ್ಲಿ ವಾಪಸ್. ಕೇಳದೆ ಎದ್ದರೆ ಜಗಲಿ ಇಲ್ಲ, ಚಾಕ್ ತರುವುದೂ ಇಲ್ಲ. ಸಣ್ಣ ದನಿಯಲ್ಲಿ "ಚೀಟಿ ಇದೆಯಲ್ಲ" ಎಂದು ನೆನಪಿಸುವುದು, ಅಷ್ಟೇ. ಜೊತೆಗೆ ದಿನಕ್ಕೆ ಹದಿನೈದು ನಿಮಿಷ ಓದಿನ ಪರಿಹಾರ ಬೋಧನೆ. ಓದಲು ಬಾರದ ಮಗುವಿಗೆ ಓದು ಕಲಿಸದೆ ಬೆಂಚಿನಲ್ಲಿ ಕೂರುವುದನ್ನು ಮಾತ್ರ ಕಲಿಸಿದರೆ ಅದು ಅನ್ಯಾಯ.

ಗಮನ ಬೇಕೆಂದು ಹಾಗೆ ಮಾಡುವ ಮಗುವಿಗೆ ಇದೇ ಯೋಜನೆ ಹೊಂದುವುದಿಲ್ಲ. ಅದಕ್ಕೆ ಬೆಳಿಗ್ಗೆ ಒಂದು ನಿಮಿಷ, ಸಂಜೆ ಒಂದು ನಿಮಿಷ ಒಬ್ಬ ಟೀಚರ್ ಪ್ರತ್ಯೇಕವಾಗಿ ಮಾತನಾಡಿಸುವುದು ಬಹಳ ಕೆಲಸ ಮಾಡುತ್ತದೆ. ಕುಳಿತಲ್ಲಿ ಕೂರಲಾಗದ ಮಗುವಿಗೆ ಪುಸ್ತಕ ಹಂಚುವ, ಬೋರ್ಡು ಒರೆಸುವ ಕೆಲಸ ಕೊಡಿ. ಗುರಿಯನ್ನು ಸಂಖ್ಯೆಯಲ್ಲಿ ಬರೆಯಿರಿ. ನಮ್ಮದು: ನಾಲ್ಕು ವಾರಗಳಲ್ಲಿ ದಿನಕ್ಕೆ 6.8ರಿಂದ 2ಕ್ಕೆ.

ಎಂಟನೇ ಹಂತ: ಮನೆಯವರೊಂದಿಗೆ ಕುಳಿತು ನೋಡುವುದು

ಶಾಲೆಯಿಂದ ಕರೆ ಬಂದರೆ ದೂರು ಎಂದೇ ಪಾಲಕರು ಭಾವಿಸುತ್ತಾರೆ. 'ಕ'ನ ತಾಯಿ ಮೀನು ಮಾರಿ ನೇರವಾಗಿ ಶಾಲೆಗೆ ಬಂದಿದ್ದರು, ಕುಳಿತುಕೊಳ್ಳಲೂ ಹಿಂಜರಿದರು.

"ಟೀಚರ್, ಮತ್ತೆ ಏನು ಮಾಡಿದ?"

"ಏನೂ ಮಾಡಿಲ್ಲ ಅಕ್ಕ. ಎರಡು ವಾರ ಬರೆದಿಟ್ಟದ್ದನ್ನು ನಿಮಗೆ ತೋರಿಸಬೇಕಿತ್ತು. ಕುಳಿತುಕೊಳ್ಳಿ."

ಅವರು ಚೌಕಳಿಯ ಮೇಲೆ ಬೆರಳಿಟ್ಟು ನೋಡಿದರು. ಗಣಿತದ ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲಿ ಎಲ್ಲ ಖಾಲಿ ಇದೆಯಲ್ಲ?"

"ಅದು ಗಣಿತ. ಅಲ್ಲಿ ಅವನು ಏಳುವುದೇ ಕಡಿಮೆ."

"ನಮ್ಮ ಮೀನಿನ ಲೆಕ್ಕವೆಲ್ಲ ಅವನೇ ಹೇಳುವುದು, ಟೀಚರ್. ಓದು ಎಂದರೆ ಮಾತ್ರ ಪುಸ್ತಕವನ್ನು ತಂಗಿಯ ಕೈಗೆ ಕೊಡುತ್ತಾನೆ. ಅವಳು ನಾಲ್ಕನೇ ತರಗತಿ."

ಇಪ್ಪತ್ತು ಚೀಟಿ ಬರೆದು ನಾನು ಕಂಡುಕೊಂಡದ್ದು ಅವರಿಗೆ ಮೊದಲೇ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಆದ್ದರಿಂದ ಪಾಲಕರಿಗೆ ತೀರ್ಪು ಹೇಳಬೇಡಿ. ಖಾಲಿ ಚೌಕಗಳನ್ನು ಮೊದಲು ತೋರಿಸಿ, ಆಮೇಲೆ ಮನೆಯಲ್ಲಿ ಹೇಗೆ ಎಂದು ಕೇಳಿ. ಅವರು ಆಡುವ ಭಾಷೆಯಲ್ಲಿಯೇ ಮಾತನಾಡಿ. ಕಣ್ಣು, ಕಿವಿಯ ತೊಂದರೆಯನ್ನೂ ಇದೇ ಹೊತ್ತಿಗೆ ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ನಿಮ್ಮ ಚೀಟಿಗಳನ್ನು ವೈದ್ಯರಿಗೆ ತೋರಿಸಿದರೆ ಅವರ ಕೆಲಸ ಸುಲಭವಾಗುತ್ತದೆ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಆದರೆ ಅದನ್ನು ನಿರ್ಧರಿಸುವವರು ತಜ್ಞರು, ನಾವಲ್ಲ.

ಒಂಬತ್ತನೇ ಹಂತ: ಶುಕ್ರವಾರದ ಹದಿನೈದು ನಿಮಿಷ

ಯೋಜನೆ ಶುರುವಾದ ದಿನ ಚೌಕಳಿಯಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಎಡಗಡೆ ಹಳೆಯ ಲೆಕ್ಕ, ಬಲಗಡೆ ಹೊಸದು. ಪ್ರತಿ ಶುಕ್ರವಾರ ಹದಿನೈದು ನಿಮಿಷ ಅದನ್ನು ನೋಡಲೆಂದೇ ಇಡಿ.

ಮೊದಲ ವಾರದ ಐದು ದಿನ 'ಕ'ನ ಲೆಕ್ಕ 9, 7, 5, 4, 4. ಮೊದಲ ದಿನ ಹಿಂದಿನ ಸರಾಸರಿಗಿಂತ ಹೆಚ್ಚಾಯಿತು. ಇದಕ್ಕೆ ಹೆದರಬಾರದು. ಇಷ್ಟು ದಿನ ತೆರೆದಿದ್ದ ಬಾಗಿಲು ಮುಚ್ಚಿದಾಗ ಮಗು ಇನ್ನೂ ಜೋರಾಗಿ ತಟ್ಟುತ್ತದೆ. ಈ ದಿನವೇ ಎಷ್ಟೋ ಟೀಚರ್‌ಗಳು ಯೋಜನೆಯನ್ನು ಕೈಬಿಡುತ್ತಾರೆ. ಎರಡನೇ ವಾರ 4, 3, 3, 4, 2. ಮೂರನೇ ವಾರ 5, 6, 3, 6, 5. ನನಗೆ ತುಂಬಾ ಬೇಸರವಾಯಿತು, ಯೋಜನೆ ಸೋತಿತು ಎಂದು ಪುಸ್ತಕದಲ್ಲಿ ಬರೆಯಲು ಹೊರಟಿದ್ದೆ. ಆಗ ಇನ್ನೊಂದು ಪುಟ ತೆರೆದೆ. ಅದರಲ್ಲಿ ಯೋಜನೆಯ ಪ್ರತಿಯೊಂದು ಅಂಶವನ್ನು ಆ ದಿನ ನಾನು ಮಾಡಿದೆನೇ ಇಲ್ಲವೇ ಎಂಬ ಗುರುತು ಇರುತ್ತದೆ. ಪ್ರತಿಭಾ ಕಾರಂಜಿಯ ತಯಾರಿಯ ಗಡಿಬಿಡಿಯಲ್ಲಿ ಓದಿನ ಭಾಗವನ್ನು ಹಿಂದಿನ ದಿನ ತೋರಿಸಿದ್ದು ಆ ವಾರ ಒಂದೇ ದಿನ. ಲೆಕ್ಕ 3 ಇದ್ದದ್ದು ಆ ದಿನವೇ. ಸೋತಿದ್ದು ಯೋಜನೆಯಲ್ಲ, ಅದನ್ನು ನಡೆಸುವುದರಲ್ಲಿ ನಾನು ತಪ್ಪಿದ್ದೆ. ನಾಲ್ಕನೇ ವಾರ ಮತ್ತೆ ಸರಿಯಾಗಿ ನಡೆಸಿದಾಗ ಸರಾಸರಿ 2ಕ್ಕೆ ಬಂತು.

ಈ ಎರಡನೇ ಪುಟ ಇಲ್ಲದೆ ಯಾವ ಯೋಜನೆಯನ್ನೂ ತೂಗಬೇಡಿ. ಮಾಡಬೇಕಾದ್ದನ್ನು ಐದರಲ್ಲಿ ನಾಲ್ಕು ದಿನವಾದರೂ ಮಾಡಿ, ಆಮೇಲೂ ಸತತ ನಾಲ್ಕು ದಿನದ ಲೆಕ್ಕ ನಿರೀಕ್ಷೆಗಿಂತ ಮೇಲೆಯೇ ಉಳಿದರೆ ಕಾರಣವನ್ನೇ ತಪ್ಪಾಗಿ ತಿಳಿದಿರಬಹುದು. ಆಗ ಮೂರು ಕಾಲಮಿನ ಚೀಟಿಗೆ ಹಿಂದಿರುಗಿ.

ಹತ್ತನೇ ಹಂತ: ಪುಸ್ತಕ ಯಾರ ಕೈಗೆ

ಹೆಸರಿನ ಬದಲು ಅಕ್ಷರ ಬಳಸಿ. ಬೀರುವಿನಲ್ಲಿ ಬೀಗ ಹಾಕಿಡಿ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚೌಕವೂ ಹೋಗಬಾರದು, ಗೋಡೆಯ ಮೇಲೆ ಹೆಸರು ಬರೆದು ನಕ್ಷತ್ರ ಅಂಟಿಸುವುದೂ ಬೇಡ. ಮೊಬೈಲ್ ಆ್ಯಪ್‌ಗಳಲ್ಲಿ ಮಕ್ಕಳ ವರ್ತನೆ ದಾಖಲಿಸುವ ಮುಂಚೆ ಎರಡು ಸಲ ಯೋಚಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ವಿಶೇಷ ರಕ್ಷಣೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರ ಎದುರು ಒಂದು ಮಗುವಿನ ಗೆರೆಗಳನ್ನು ಓದಿ ಹೇಳುವುದು ನನ್ನ ಮಟ್ಟಿಗೆ ಹಿಂಸೆಯೇ.

ಚೀಟಿ ಬರೆಯುತ್ತಾ ಹೋದಂತೆ ಬೇರೆ ಸುಳಿವುಗಳು ಕಾಣಬಹುದು: ಒಬ್ಬರ ಹೆಸರೆತ್ತಿದರೆ ಮಗು ಬೆಚ್ಚುವುದು, ಗಾಯದ ಗುರುತು, ಮನೆಗೆ ಹೋಗಲು ಅಳುವುದು. ಅಲ್ಲಿ ಎಣಿಸುತ್ತಾ ಕೂರಬೇಡಿ. ಮುಖ್ಯೋಪಾಧ್ಯಾಯರಿಗೆ ತಿಳಿಸಿ, 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ. ಲೈಂಗಿಕ ಕಿರುಕುಳದ ಶಂಕೆ ಇದ್ದರೆ ದೂರು ನೀಡುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಮಗುವೋ ಮನೆಯವರೋ ಮಾನಸಿಕವಾಗಿ ಕುಗ್ಗಿದ್ದರೆ ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೊಡಿ.

ಹನ್ನೊಂದನೇ ಹಂತ: ಮೆಲ್ಲಗೆ ಕೈ ಬಿಡುವುದು

ಗುರಿ ಮುಟ್ಟಿದ ಮರುದಿನವೇ ಎಲ್ಲವನ್ನೂ ನಿಲ್ಲಿಸಿದರೆ ಹಳೆಯ ಲೆಕ್ಕ ವಾಪಸ್ ಬರುತ್ತದೆ. ಎರಡು ವಾರ ಗುರಿಯಲ್ಲಿಯೇ ನಿಂತ ಮೇಲೆ ಒಂದೊಂದನ್ನೇ ಸಡಿಲಿಸಿ. ನಾವು ವಿರಾಮ ಚೀಟಿಯನ್ನು ಎರಡರಿಂದ ಒಂದಕ್ಕೆ ಇಳಿಸಿದೆವು. ಎಣಿಕೆಯನ್ನು ದಿನವೂ ಮಾಡುವ ಬದಲು ವಾರಕ್ಕೆ ಎರಡು ದಿನ ಮಾಡಿದೆವು. ದಸರಾ ರಜೆ ಮುಗಿದ ವಾರ ಮತ್ತೆ ದಿನವೂ ಎಣಿಸಿದೆ, ಏಕೆಂದರೆ ದೀರ್ಘ ರಜೆಯ ಬಳಿಕ ಜಾರುವುದು ಸಹಜ. ಡಿಸೆಂಬರ್ ಹೊತ್ತಿಗೆ 'ಕ' ಚೀಟಿ ತೆಗೆದುಕೊಳ್ಳುವುದನ್ನು ತಾನಾಗಿಯೇ ಮರೆಯುತ್ತಿದ್ದ.

ವರ್ಷದ ಕೊನೆಗೆ ಮುಂದಿನ ಟೀಚರ್‌ಗೆ ಏನು ಕೊಡಬೇಕು? ಪುಸ್ತಕವನ್ನಲ್ಲ. ಗೆರೆಗಳೆಲ್ಲ ಮಗುವಿನ ಹಿಂದೆ ಏಳನೇ ತರಗತಿಗೂ ನಡೆದುಹೋದರೆ ಅಲ್ಲಿ ಅವನಿಗೆ ಹೊಸ ಆರಂಭ ಸಿಗುವುದಿಲ್ಲ. ಯಾವುದು ಫಲಿಸಿತು ಎಂಬುದನ್ನು ಮಾತ್ರ ಅರ್ಧ ಪುಟದಲ್ಲಿ ಬರೆದು, ಚೀಟಿಗಳನ್ನು ಹರಿದುಹಾಕುತ್ತೇನೆ. 'ಕ'ನ ಬಗ್ಗೆ ನಾನು ಬರೆದುಕೊಟ್ಟದ್ದು ಇಷ್ಟು:

"ಓದಿಸುವ ನಾಲ್ಕು ಸಾಲುಗಳನ್ನು ಹಿಂದಿನ ದಿನವೇ ತೋರಿಸಿ. ಜೋಡಿಯಲ್ಲಿ ಓದುತ್ತಾನೆ, ಒಬ್ಬನೇ ನಿಂತು ಓದಲು ಇನ್ನೂ ಹೆದರುತ್ತಾನೆ. ನೀರು ಕುಡಿಯಲು ಕೇಳಿದರೆ ಕಳಿಸಿ, ಎರಡು ನಿಮಿಷದಲ್ಲಿ ಬರುತ್ತಾನೆ. ಗಣಿತದಲ್ಲಿ ಬೋರ್ಡಿಗೆ ಕರೆಯಿರಿ."